ಕೈಯಿಂದ ನೋಡುವ ಕಳ್ಳ

ಮುಸುಕಿನ ಜೋಳ ಹದಕ್ಕೆ ಬಂತೋ ಇಲ್ಲವೋ ಎಂದು ತಿಳಿಯಲು ಒಂದು ಹಳೆಯ ಉಪಾಯವಿದೆ. ತೆನೆಯ ತುದಿಯಲ್ಲಿ ಇಳಿಬಿದ್ದ ಕೂದಲು ಕಂದು ಬಣ್ಣಕ್ಕೆ ತಿರುಗಿದ ಮೇಲೆ ಸಿಪ್ಪೆಯನ್ನು ಚೂರು ಸರಿಸಿ, ಒಂದು ಕಾಳಿಗೆ ಉಗುರು ಚುಚ್ಚಬೇಕು. ತಿಳಿನೀರು ಬಂದರೆ ಇನ್ನೂ ಎಳಸು. ಬೆಳ್ಳಗೆ ಹಾಲು ಚಿಮ್ಮಿದರೆ ಹದ. ಏನೂ ಚಿಮ್ಮದೆ ಬರೀ ಹಿಟ್ಟು ಸಿಕ್ಕರೆ ಹೊತ್ತು ಮೀರಿತು. ಹಾಲುಗಾಳಿನ ಈ ಹೊತ್ತಿನಲ್ಲಿ ಕಾಳಿನ ತುಂಬ ಸಕ್ಕರೆ ಇರುತ್ತದೆ. ದಿನ ಕಳೆದಂತೆ ಕಾಳಿನೊಳಗೆ ಆ ಸಕ್ಕರೆ ಪಿಷ್ಟವಾಗುತ್ತದೆ. ಮುಂದೆ ಹುಟ್ಟುವ ಮೊಳಕೆಗೆ ಬುತ್ತಿ ಬೇಕಲ್ಲ! ಪಿಷ್ಟ ಹೆಚ್ಚಿದಷ್ಟೂ ಸಿಹಿ ಕಡಿಮೆ. ಆದ್ದರಿಂದ ಸಿಹಿ ಜೋಳ ಬೆಳೆಯುವವರು ದಿನ ಎಣಿಸುತ್ತಾರೆ. ಕೂದಲು ಕಾಣಿಸಿಕೊಂಡ ಸುಮಾರು ಮೂರು ವಾರಕ್ಕೆ ಕೊಯ್ಲು.

ಅಮೆರಿಕ, ಕೆನಡಾಗಳಲ್ಲಿ ಈ ದಿನಗಳನ್ನು ಇನ್ನೊಬ್ಬರೂ ಎಣಿಸುತ್ತಿರುತ್ತಾರೆ. ಅವರು ಹಗಲಿಡೀ ಮರದ ಪೊಟರೆಯಲ್ಲಿ ಮಲಗಿದ್ದು ಕತ್ತಲಾದ ಮೇಲೆ ಎದ್ದು ಬರುವವರು. ಅವರ ಹೆಸರು ರಕೂನ್. ‘ನಾಳೆ ಬೆಳಿಗ್ಗೆ ಕೀಳೋಣ’ ಎಂದು ಮನೆಯವರು ಮಲಗಿದರೆ ಇವರು ಅದೇ ರಾತ್ರಿ ಕೊಯ್ಲು ಮುಗಿಸಿರುತ್ತಾರೆ. ಅಲ್ಲಿಯ ತೋಟಗಾರರ ಬಾಯಲ್ಲಿ ಈ ದೂರು ಎಷ್ಟು ಹಳೆಯದೆಂದರೆ, ಬೇಸಿಗೆಯಲ್ಲಿ ಇಬ್ಬರು ಸೇರಿದರೆ ಮಳೆಯ ಮಾತಾದ ಮೇಲೆ ಇದೇ ಮಾತು.

ಬೇಸಿಗೆ ಬಂತೆಂದರೆ ಅಲ್ಲಿರುವ ಕನ್ನಡದ ಮನೆಗಳ ಹಿತ್ತಲಲ್ಲೂ ಪಾತಿಗಳು ಏಳುತ್ತವೆ. ಮೆಂತ್ಯ, ಬದನೆ, ಹೀರೆ, ಹಸಿಮೆಣಸು, ಟೊಮೇಟೊ, ಜೊತೆಗೆ ನಾಲ್ಕು ಸಾಲು ಜೋಳ. ನಿಮ್ಮಲ್ಲಿ ಕೆಲವರ ಅತ್ತೆಯೋ ಚಿಕ್ಕಪ್ಪನೋ ಅಲ್ಲಿದ್ದು, ವಿಡಿಯೊ ಕರೆಯಲ್ಲಿ ತೋಟ ತೋರಿಸಿರಬಹುದು. ಮೆಂತ್ಯ, ಮೆಣಸಿನಕಾಯಿಗಳ ಮೇಲೆ ರಕೂನ್‌ಗೆ ಅಷ್ಟೇನೂ ಆಸೆ ಇಲ್ಲ. ಜೋಳ, ಕರಬೂಜ, ಕಲ್ಲಂಗಡಿ, ದ್ರಾಕ್ಷಿ, ಸ್ಟ್ರಾಬೆರಿ ಎಂದರೆ ಪ್ರಾಣ.

ಕದ್ದದ್ದು ರಕೂನೇ ಎಂದು ಹೇಗೆ ಗೊತ್ತು? ರಾತ್ರಿ ನಡೆದ ಕಳ್ಳತನಕ್ಕೆ ಸಾಕ್ಷಿಗಳಿರುವುದಿಲ್ಲ, ಗುರುತುಗಳಿರುತ್ತವೆ. ಜಿಂಕೆ ಬಂದಿದ್ದರೆ ತೆನೆಯ ತುದಿ, ಎಲೆಗಳು ಹರಿದುಹೋಗಿರುತ್ತವೆ. ಹಕ್ಕಿಯಾದರೆ ತುದಿಯ ಕಾಳುಗಳನ್ನಷ್ಟೇ ಕುಕ್ಕಿರುತ್ತದೆ. ರಕೂನ್ ಬಂದುಹೋದ ತೋಟದಲ್ಲಿ ಜೋಳದ ದಂಟೇ ಬಾಗಿ ಮುರಿದು ಮಲಗಿರುತ್ತದೆ, ಏಕೆಂದರೆ ಅದು ದಂಟನ್ನು ಹತ್ತುತ್ತದೆ, ಅದರ ಭಾರಕ್ಕೆ ದಂಟು ಉರುಳುತ್ತದೆ. ಸಿಪ್ಪೆ ಸುಲಿದಿರುತ್ತದೆ. ಒಂದು ತೆನೆಯನ್ನು ಅರ್ಧ ತಿಂದು, ಅದನ್ನು ಬಿಟ್ಟು ಇನ್ನೊಂದಕ್ಕೆ ಕೈ ಹಾಕಿರುತ್ತದೆ. ಕಲ್ಲಂಗಡಿಯ ಕತೆ ಇನ್ನೂ ಸೊಗಸು. ಹಣ್ಣು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಪಕ್ಕಕ್ಕೆ ಹೊರಳಿಸಿದರೆ ಒಂದು ಸಣ್ಣ ತೂತು, ಒಳಗೆಲ್ಲ ಟೊಳ್ಳು. ತೂತಿನಲ್ಲಿ ಕೈ ಇಳಿಸಿ ತಿರುಳನ್ನು ಬಗೆಬಗೆದು ತಿಂದಿರುತ್ತದೆ.

ಇನ್ನೂ ಅನುಮಾನವಿದ್ದರೆ ಸಂಜೆ ಪಾತಿಯ ಸುತ್ತ ಮಣ್ಣನ್ನು ಒದ್ದೆ ಮಾಡಿ, ಹಲಗೆಯಿಂದ ನುಣ್ಣಗೆ ಸವರಿ ಬಿಡಬೇಕು. ಬೆಳಿಗ್ಗೆ ಅಲ್ಲಿ ಮೂಡಿರುವ ಗುರುತು ನೋಡಿದರೆ ಯಾರಾದರೂ ಒಂದು ಕ್ಷಣ ಬೆಚ್ಚುತ್ತಾರೆ. ಐದು ಬೆರಳು, ಅಂಗೈ ಎಲ್ಲ ಸ್ಪಷ್ಟವಾಗಿರುವ ಪುಟ್ಟ ಪುಟ್ಟ ಕೈ!

ಈ ಕೈಯ ಬಗ್ಗೆಯೇ ನಾನು ನಿಮಗೆ ಹೇಳಬೇಕಾಗಿರುವುದು. ರಕೂನ್‌ನಿಂದ ತೋಟ ಉಳಿಸಿಕೊಳ್ಳುವ ವಿದ್ಯೆಯೆಲ್ಲ ಅದರ ಕೈಯಲ್ಲಿದೆ.

ಮೊದಲು ಪ್ರಾಣಿಯನ್ನು ಒಮ್ಮೆ ನೋಡಿಬಿಡೋಣ. ಊರುನಾಯಿಗಿಂತ ಚಿಕ್ಕದು, ಬೆಕ್ಕಿಗಿಂತ ದಪ್ಪ. ಬೆಳೆದ ರಕೂನ್ ಸಾಮಾನ್ಯವಾಗಿ 4ರಿಂದ 9 ಕಿಲೊ ತೂಗುತ್ತದೆ. ಚಳಿಗಾಲಕ್ಕೆ ಮುಂಚೆ ಕೊಬ್ಬಿದಾಗ ಇನ್ನೂ ಹೆಚ್ಚು. ಬೂದು ಬಣ್ಣದ ದಟ್ಟ ತುಪ್ಪಳ, ಬಾಲದಲ್ಲಿ ಕಪ್ಪು ಬಳೆಗಳು, ಕಣ್ಣಿನ ಸುತ್ತ ಕಪ್ಪು ಪಟ್ಟಿ. ಆ ಪಟ್ಟಿ ಬೆಳಕಿನ ಪ್ರತಿಫಲನವನ್ನು ತಗ್ಗಿಸಿ ಇರುಳಿನಲ್ಲಿ ಕಣ್ಣಿಗೆ ಅನುಕೂಲ ಮಾಡುತ್ತದೆ ಎಂದು ಕೆಲವು ವಿಜ್ಞಾನಿಗಳ ಊಹೆ. ವ್ಯಂಗ್ಯಚಿತ್ರಕಾರರಿಗೆ ಮಾತ್ರ ಅದು ಕಳ್ಳನ ಮುಖವಾಡವೇ. ದಕ್ಷಿಣ ಕೆನಡಾದಿಂದ ಪನಾಮದವರೆಗೆ ಇದರ ತವರು. ಇದರ ಹತ್ತಿರದ ಬಂಧುಗಳೆಲ್ಲ ಅಮೆರಿಕ ಖಂಡಗಳಲ್ಲೇ ಇದ್ದಾರೆ. ನಮ್ಮ ಕಾಡುಗಳಲ್ಲಿ ಒಬ್ಬರೂ ಇಲ್ಲ. ಮುಸುಕಿನ ಜೋಳ ಮಾತ್ರ ಆ ಕಡೆಯಿಂದ ಹೊರಟು ನಮ್ಮ ದಾವಣಗೆರೆ, ಹಾವೇರಿಗಳ ಹೊಲಗಳನ್ನು ತುಂಬಿದೆ. ರಕೂನ್ ಜೊತೆಗೆ ಬರಲಿಲ್ಲ, ಪುಣ್ಯ.

ಈಗ ಕೈ. ರಕೂನ್‌ನ ಮುಂಗಾಲಿನಲ್ಲಿ ಉದ್ದನೆಯ ಐದು ಬೆರಳುಗಳಿವೆ. ನಮ್ಮ ಹೆಬ್ಬೆರಳು ಉಳಿದ ಬೆರಳುಗಳ ಎದುರಿಗೆ ಬಂದು ಚಿವುಟುತ್ತದೆಯಲ್ಲ, ಆ ಸೌಕರ್ಯ ಅದಕ್ಕಿಲ್ಲ. ಹಾಗಾಗಿ ಸಣ್ಣ ವಸ್ತುವನ್ನು ಎತ್ತಬೇಕಾದರೆ ಎರಡೂ ಕೈ ಸೇರಿಸಿ ಹಿಡಿಯುತ್ತದೆ. ಆದರೆ ಮುಟ್ಟಿ ತಿಳಿಯುವುದರಲ್ಲಿ ಅದನ್ನು ಮೀರಿಸುವವರು ಕಡಿಮೆ. ಅಂಗೈಯಲ್ಲಿ ಕೂದಲಿಲ್ಲ, ಚರ್ಮದ ಕೆಳಗೆ ಸ್ಪರ್ಶದ ನರತುದಿಗಳು ಒತ್ತೊತ್ತಾಗಿ ಕೂತಿವೆ. ಉಗುರುಗಳ ಮೇಲೆ, ಬೆಕ್ಕಿನ ಮೀಸೆಯ ಜಾತಿಯ ಗಡುಸು ಕೂದಲುಗಳಿವೆ. ಬೆರಳು ತಾಗುವ ಮೊದಲೇ ಆ ಕೂದಲು ತಾಗಿ, ‘ಇಲ್ಲೇನೋ ಇದೆ’ ಎಂದು ಸುದ್ದಿ ಮುಟ್ಟಿಸುತ್ತದೆ.

ಸುದ್ದಿ ಮುಟ್ಟುವುದು ಎಲ್ಲಿಗೆ? ಮಿದುಳಿಗೆ. ಕಣ್ಣು, ಕಿವಿ, ಚರ್ಮಗಳಿಂದ ಬರುವ ಸುದ್ದಿಯನ್ನು ಓದಿ ಅರ್ಥಮಾಡಿಕೊಳ್ಳಲು ಮಿದುಳಿನ ಹೊರಪದರದಲ್ಲಿ ಬೇರೆ ಬೇರೆ ಜಾಗಗಳಿವೆ. ರಕೂನ್‌ನಲ್ಲಿ ಇಂಥ ಜಾಗದ ಸುಮಾರು ಮೂರರಲ್ಲಿ ಎರಡು ಪಾಲು ಸ್ಪರ್ಶಕ್ಕೇ ಮೀಸಲು. 1959ರಲ್ಲಿ ವೆಲ್ಕರ್ ಮತ್ತು ಸೈಡನ್‌ಸ್ಟೈನ್ ಎಂಬ ಇಬ್ಬರು ವಿಜ್ಞಾನಿಗಳು ರಕೂನ್‌ನ ಕೈಯ ಯಾವ ಭಾಗ ಮುಟ್ಟಿದರೆ ಮಿದುಳಿನ ಯಾವ ಭಾಗ ಮಿಡಿಯುತ್ತದೆ ಎಂದು ನಕ್ಷೆ ಮಾಡಿದರು. ಒಂದೊಂದು ಬೆರಳಿಗೂ ಮಿದುಳಿನಲ್ಲಿ ಪ್ರತ್ಯೇಕ ಮಡಿಕೆಯೇ ಇತ್ತು! ಒಂದು ಬೆರಳಿಗೆ ತಾಗಿದ್ದು ಇನ್ನೊಂದರ ಲೆಕ್ಕದಲ್ಲಿ ಸೇರುವ ಗೊಂದಲವೇ ಇಲ್ಲ. ದೂರದ್ದನ್ನು ನೋಡಲು ಅದರ ಕಣ್ಣು ಅಷ್ಟಕ್ಕಷ್ಟೇ, ಬಣ್ಣಗಳೂ ಸರಿಯಾಗಿ ಕಾಣವು. ಅದು ಊಟ ಹುಡುಕುವುದನ್ನು ಗಮನಿಸಿದರೆ ಗೊತ್ತಾಗುತ್ತದೆ: ಕೈ ಕೆಳಗೆ ತಡಕುತ್ತಿರುತ್ತದೆ, ಮುಖ ಮಾತ್ರ ಎತ್ತಲೋ ತಿರುಗಿರುತ್ತದೆ. ಕರೆಂಟು ಹೋದಾಗ ಅಮ್ಮ ದೇವರ ಗೂಡಿನಲ್ಲಿ ಬೆಂಕಿಪೊಟ್ಟಣ ಹುಡುಕುತ್ತಾಳಲ್ಲ, ಹಾಗೆ.

ರಕೂನ್ ಊಟವನ್ನು ತೊಳೆದು ತಿನ್ನುತ್ತದೆ, ಬಹಳ ಮಡಿವಂತ ಪ್ರಾಣಿ ಎಂದು ನೀವು ಎಲ್ಲಾದರೂ ಓದಿರಬಹುದು. ಅದು ಅಷ್ಟು ನಿಜವಲ್ಲ. ಮೃಗಾಲಯದ ಬೋನಿನಲ್ಲಿರುವ ರಕೂನ್‌ಗಳು ಕೊಟ್ಟ ಆಹಾರವನ್ನು ನೀರಿನ ತೊಟ್ಟಿಗೆ ಒಯ್ದು ಅದ್ದಿ ಉಜ್ಜುವುದುಂಟು. ಕಾಡಿನಲ್ಲಿ ಅವು ಹೊಳೆಯ ದಡದಲ್ಲಿ ಕೂತು, ಕಲ್ಲುಗಳ ಸಂದಿಯಲ್ಲಿ ಕೈಯಾಡಿಸಿ ಏಡಿ, ಸೀಗಡಿ, ಕಪ್ಪೆ ಹಿಡಿಯುತ್ತವೆ. ಬೋನಿನಲ್ಲಿ ಹೊಳೆ ಇಲ್ಲ. ಆ ಅಭ್ಯಾಸ ತೊಟ್ಟಿಯಲ್ಲಿ ತೀರುತ್ತದೆ ಎನ್ನುತ್ತಾರೆ ಇದನ್ನು ಅಧ್ಯಯನ ಮಾಡಿದವರು. ನೀರಿನಿಂದ ಇನ್ನೊಂದು ಲಾಭವೂ ಇದೆ. ಒದ್ದೆಯಾದಾಗ ಅಂಗೈಯ ಚರ್ಮ ಮೆತ್ತಗಾಗಿ ನರತುದಿಗಳು ಇನ್ನಷ್ಟು ಚುರುಕಾಗುತ್ತವೆ.

ಇದನ್ನು ಓದುತ್ತಿರುವಾಗಲೇ ಒಂದು ಆಟ ಆಡಬಹುದು. ಬಟ್ಟೆಯ ಚೀಲದಲ್ಲಿ ಹುಣಸೆಬೀಜ, ಅವರೆಕಾಳು, ಕಡಲೆಕಾಯಿ, ಸಣ್ಣ ಕಲ್ಲು, ಬಳಪದ ತುಂಡು ಹಾಕಿ. ಕಣ್ಣು ಕಟ್ಟಿಕೊಂಡು ಒಂದೊಂದನ್ನೇ ಮುಟ್ಟಿ ಹೆಸರು ಹೇಳಿ. ಸುಲಭ ಅಲ್ಲವೆ? ಈಗ ಅದೇ ಕೆಲಸವನ್ನು ಕೈಗವಸು ಹಾಕಿಕೊಂಡು ಮಾಡಿ. ಆಮೇಲೆ ಬೆರಳ ಬದಲು ಮೊಣಕೈಯಿಂದ ಮುಟ್ಟಿ ನೋಡಿ. ನಿಮ್ಮ ದೇಹದಲ್ಲಿ ನರತುದಿಗಳು ಎಲ್ಲಿ ದಟ್ಟವಾಗಿವೆ, ಎಲ್ಲಿ ವಿರಳ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಕೈ ಹೀಗಿದ್ದ ಮೇಲೆ ಅದನ್ನು ಆಡಿಸುವ ಬುದ್ಧಿ ಹೇಗಿರಬೇಡ! ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಎಚ್. ಬಿ. ಡೇವಿಸ್ ಎಂಬ ಅಮೆರಿಕದ ವಿಜ್ಞಾನಿ ರಕೂನ್‌ಗಳಿಗೆ ಚಿಲಕ ಹಾಕಿದ ಪೆಟ್ಟಿಗೆಗಳನ್ನು ಕೊಟ್ಟು ನೋಡಿದರು. ಕೊಂಡಿ, ಅಗುಳಿ, ಗುಂಡಿ, ಹೀಗೆ ಹದಿಮೂರು ಬಗೆಯ ಚಿಲಕಗಳು. ಅವುಗಳಲ್ಲಿ ಹನ್ನೊಂದನ್ನು ರಕೂನ್‌ಗಳು ಹತ್ತಕ್ಕಿಂತ ಕಡಿಮೆ ಪ್ರಯತ್ನಗಳಲ್ಲಿ ತೆಗೆದವು. ಚಿಲಕವನ್ನು ತಲೆಕೆಳಗು ಮಾಡಿದರೂ ತೊಂದರೆಯಾಗಲಿಲ್ಲ. ಒಮ್ಮೆ ಕಲಿತ ಉಪಾಯವನ್ನು ಮೂರು ವರ್ಷದವರೆಗೆ ನೆನಪಿಟ್ಟುಕೊಂಡದ್ದು ಬೇರೆ ಪರೀಕ್ಷೆಗಳಲ್ಲಿ ಗೊತ್ತಾಗಿದೆ.

ಬಾಯಾರಿದ ಕಾಗೆ ಹೂಜಿಗೆ ಕಲ್ಲು ಹಾಕಿ ನೀರು ಮೇಲೆ ಬರಿಸಿದ ಕತೆ ನಿಮಗೆಲ್ಲ ಗೊತ್ತು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅದೇ ಪರೀಕ್ಷೆಯನ್ನು ಎಂಟು ರಕೂನ್‌ಗಳಿಗೆ ಒಡ್ಡಲಾಯಿತು. ಎತ್ತರದ ನಳಿಗೆ, ಒಳಗೆ ಕೈಗೆಟುಕದ ನೀರು, ನೀರ ಮೇಲೆ ತೇಲುವ ಸಿಹಿ ಮಿಠಾಯಿಯ ಚೂರು. ಕಲ್ಲು ಬಿದ್ದರೆ ನೀರೇರುತ್ತದೆ ಎಂದು ಮೊದಲು ತೋರಿಸಿಕೊಟ್ಟರು. ಎರಡು ರಕೂನ್‌ಗಳು ಅದನ್ನು ಕಲಿತು ತಾವೇ ಕಲ್ಲು ಹಾಕಿ ಮಿಠಾಯಿ ತಿಂದವು. ಇನ್ನೊಂದು ರಕೂನ್ ಕಲ್ಲಿನ ಗೋಜಿಗೇ ಹೋಗಲಿಲ್ಲ. ನಳಿಗೆಯನ್ನು ಹತ್ತಿ, ಅಂಚು ಹಿಡಿದು ಅಲ್ಲಾಡಿಸಿ ಅಲ್ಲಾಡಿಸಿ, ಬೀಳುವುದಿಲ್ಲವೆಂದು ವಿಜ್ಞಾನಿಗಳು ನಂಬಿದ್ದ ಆ ಇಡೀ ಸಲಕರಣೆಯನ್ನೇ ಉರುಳಿಸಿಬಿಟ್ಟಿತು. ನನಗಂತೂ ಈ ಮೂರನೆಯವನೇ ಇಷ್ಟ. ತೋಟಗಾರ ಹೆದರಬೇಕಾದ್ದೂ ಇವನಿಗೇ.

ಕೆನಡಾದ ಟೊರಾಂಟೊ ನಗರದವರನ್ನು ಕೇಳಿ ನೋಡಿ. ಅಲ್ಲಿ ಅಡುಗೆಮನೆಯ ಹಸಿಕಸ ಹಾಕಲು ಮನೆಮನೆಗೂ ಹಸಿರು ಡಬ್ಬಿ ಕೊಟ್ಟಿದ್ದಾರೆ. ರಾತ್ರಿಯಾದರೆ ರಕೂನ್‌ಗಳು ಅವನ್ನು ತೆರೆದು ಬೀದಿಯೆಲ್ಲ ಹರಡುತ್ತಿದ್ದವು. ಕೊನೆಗೆ ನಗರಾಡಳಿತ 3 ಕೋಟಿಗೂ ಹೆಚ್ಚು ಕೆನಡಾ ಡಾಲರ್ ಖರ್ಚಿನಲ್ಲಿ ಹೊಸ ಬಗೆಯ ಡಬ್ಬಿ ಮಾಡಿಸಿ 2016ರಿಂದ ಹಂಚಿತು. ಅದರ ಹಿಡಿಯನ್ನು ತಿರುಗಿಸಿದರೆ ಮಾತ್ರ ಮುಚ್ಚಳ ಬಿಡುತ್ತದೆ. ಹಿಡಿ ತಿರುಗಿಸಬೇಕಾದರೆ ಎದುರು ನಿಲ್ಲುವ ಹೆಬ್ಬೆರಳು ಬೇಕು. ರಕೂನ್‌ಗೆ ಇಲ್ಲದ್ದು ಅದೊಂದೇ ತಾನೆ! ಬಹುಪಾಲು ರಕೂನ್‌ಗಳು ಸೋತವು. ಬಹುಪಾಲು ಮಾತ್ರ. ಡಬ್ಬಿಯನ್ನು ಮೊದಲು ನೆಲಕ್ಕೆ ಕೆಡವಿ ಆಮೇಲೆ ಮುಚ್ಚಳ ಬಿಡಿಸಿದ ಕೆಲವು ಜಾಣರ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು.

ಈಗ ತೋಟಕ್ಕೆ ಬರೋಣ. ರಕೂನ್ ಓಡಿಸಲು ಜನ ಏನೆಲ್ಲ ಮಾಡುತ್ತಾರೆ! ರಾತ್ರಿಯಿಡೀ ರೇಡಿಯೊ ಹಚ್ಚಿಡುತ್ತಾರೆ. ಬಣ್ಣದ ದೀಪ ಮಿನುಗಿಸುತ್ತಾರೆ. ಬೆದರುಬೊಂಬೆ ನಿಲ್ಲಿಸುತ್ತಾರೆ. ಕ್ಷೌರದಂಗಡಿಯಿಂದ ಕೂದಲು ತಂದು ಚೆಲ್ಲುತ್ತಾರೆ, ಎಲೆಗಳಿಗೆ ಖಾರದ ನೀರು ಎರಚುತ್ತಾರೆ. ಮೊದಲ ರಾತ್ರಿ ಕೆಲಸ ಮಾಡುತ್ತದೆ. ಎರಡನೆಯ ರಾತ್ರಿಯೂ ಮಾಡಬಹುದು. ಆಮೇಲೆ ರಕೂನ್ ರೇಡಿಯೊದ ಪಕ್ಕದಲ್ಲೇ ಕೂತು ಜೋಳ ತಿನ್ನುತ್ತದೆ. ಹೊಸ ಸದ್ದು ಕೇಳಿದಾಗ ಯಾವ ಪ್ರಾಣಿಯೂ ಬೆಚ್ಚುತ್ತದೆ. ಆ ಸದ್ದಿನ ಹಿಂದೆ ಅಪಾಯವೇನೂ ಬಾರದಿದ್ದರೆ ಮಿದುಳು ಅದನ್ನು ಲೆಕ್ಕದಿಂದ ಕೈಬಿಡುತ್ತದೆ. ರೈಲು ಹಳಿಯ ಪಕ್ಕದ ಮನೆಯ ಮಗು ರೈಲು ಹೋದಾಗಲೂ ನಿದ್ದೆ ಮಾಡುವುದು ಈ ಗುಣದಿಂದಲೇ. ಚಲನೆ ಕಂಡೊಡನೆ ತಾನಾಗಿ ನೀರು ಚಿಮ್ಮುವ ಯಂತ್ರಗಳಿವೆ, ಅವು ಕೊಂಚ ಹೆಚ್ಚು ದಿನ ಹೆದರಿಸುತ್ತವೆ. ಕೆಲವರು ನುಸಿಗುಳಿಗೆ ಚೆಲ್ಲುತ್ತಾರೆ. ಅದು ವಿಷ, ತರಕಾರಿ ಬೆಳೆಯುವ ಮಣ್ಣಿಗೆ ಹಾಕಲೇಬಾರದು.

ಈ ಉಪಾಯಗಳ ಕೊರತೆ ಏನು ಗೊತ್ತೆ? ಎಲ್ಲವೂ ಕಣ್ಣು, ಕಿವಿ, ಮೂಗುಗಳನ್ನು ಹೆದರಿಸಲು ಹೊರಟಂಥವು. ಲೋಕವನ್ನು ಕೈಯಿಂದ ಓದುವ ಪ್ರಾಣಿಗೆ ಕೈಗೇ ಉತ್ತರ ಕೊಡಬೇಕು.

ಬರೀ ಬೇಲಿ ಸಾಲದು. ಮರ ಹತ್ತುವ, ಇಳಿಯುವಾಗ ಹಿಂಗಾಲಿನ ಪಾದಗಳನ್ನು ಹಿಮ್ಮುಖ ತಿರುಗಿಸಿಕೊಂಡು ತಲೆ ಕೆಳಗಾಗಿ ಇಳಿಯುವ ಪ್ರಾಣಿ ಅದು. 2018ರ ಜೂನ್‌ನಲ್ಲಿ ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ ಒಂದು ರಕೂನ್ 25 ಮಹಡಿಯ ಕಟ್ಟಡವನ್ನು ಹೊರಗೋಡೆ ಹಿಡಿದು ಹತ್ತಿತು. ನಡುನಡುವೆ ಕಿಟಕಿಯ ಕಟ್ಟೆಗಳ ಮೇಲೆ ಮಲಗಿ ನಿದ್ದೆ ಮಾಡಿತು. ಕೆಳಗೆ ಊರಿಗೆ ಊರೇ ಕತ್ತು ಎತ್ತಿ ನಿಂತಿತ್ತು. ಬೆಳಗಿನ ಜಾವಕ್ಕೆ ಸುರಕ್ಷಿತವಾಗಿ ಮೇಲ್ಛಾವಣಿ ತಲುಪಿ, ಬೆಕ್ಕಿನ ಆಹಾರದ ಆಸೆಗೆ ಬೋನಿಗೆ ಬಿದ್ದು, ಆಮೇಲೆ ಬಿಡುಗಡೆಯಾಯಿತು. ಇಂಥವರ ಮುಂದೆ ನಾಲ್ಕಡಿಯ ಬಿದಿರ ಬೇಲಿ ಏನು ಮಾಡೀತು? ಜಾಲರಿ ಬೇಲಿ ಹಾಕುವವರು ಮೇಲಿನ ಒಂದಡಿಯನ್ನು ಗೂಟಕ್ಕೆ ಬಿಗಿಯದೆ ಸಡಿಲ ಬಿಡುತ್ತಾರೆ. ಹತ್ತುವವನ ಭಾರಕ್ಕೆ ಅದು ಹೊರಗೆ ಬಾಗಿ ಅವನನ್ನು ಬಂದ ಕಡೆಗೇ ಇಳಿಸುತ್ತದೆ. ಬುಡದಲ್ಲಿ ಜಾಲರಿಯನ್ನು ಹೊರಕ್ಕೆ ಮಡಿಸಿ ಮಣ್ಣು ಮುಚ್ಚಿದರೆ ತೋಡಿ ನುಗ್ಗುವುದೂ ಕಷ್ಟ. ನಾಲ್ಕಾರು ಕಲ್ಲಂಗಡಿ ಮಾತ್ರ ಇದ್ದರೆ ಒಂದೊಂದರ ಮೇಲೂ ತಂತಿ ಬುಟ್ಟಿ ಕವುಚಿ, ಗೂಟ ಹೊಡೆದು ನೆಲಕ್ಕೆ ಬಿಗಿದುಬಿಡಬಹುದು.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಎರಡೇ ಎರಡು ತಂತಿ. ನೆಲದಿಂದ ಸುಮಾರು 15 ಸೆಂಟಿಮೀಟರ್ ಮೇಲೆ ಒಂದು, 30 ಸೆಂಟಿಮೀಟರ್ ಮೇಲೆ ಇನ್ನೊಂದು. ನೀವು ದಾಟಿಬಿಡುವಷ್ಟು ಕುಳ್ಳು ಬೇಲಿ. ಅದರಲ್ಲಿ ಹರಿಯುವುದು ವಿದ್ಯುತ್ತಿನ ಮಿಡಿತ. ಇದಕ್ಕೆಂದೇ ಮಾಡಿದ ಒಂದು ಪೆಟ್ಟಿಗೆ ಬ್ಯಾಟರಿಯಿಂದ ವಿದ್ಯುತ್ ಪಡೆದು, ಸೆಕೆಂಡಿಗೆ ಒಂದರಂತೆ ಮಿಡಿತಗಳನ್ನು ಕಳಿಸುತ್ತದೆ. ಸಾವಿರಾರು ವೋಲ್ಟ್ ಒತ್ತಡವಿದ್ದರೂ ಒಂದು ಮಿಡಿತ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಹೊತ್ತು ಇರುತ್ತದೆ. ಆದ್ದರಿಂದ ಚುರುಕ್ ಎಂದು ನೋಯುತ್ತದೆ, ಕೊಲ್ಲುವುದಿಲ್ಲ.

ಪೆಟ್ಟಿಗೆಗೆ ಎರಡು ಕೊನೆಗಳಿವೆ. ಒಂದನ್ನು ಬೇಲಿಯ ತಂತಿಗೆ ಜೋಡಿಸುತ್ತಾರೆ, ಇನ್ನೊಂದನ್ನು ಮಣ್ಣಿನಲ್ಲಿ ಆಳಕ್ಕೆ ಹೊಡೆದ ಕಬ್ಬಿಣದ ಸರಳಿಗೆ. ವಿದ್ಯುತ್ತು ಒಂದು ಕೊನೆಯಿಂದ ಹೊರಟು ಇನ್ನೊಂದಕ್ಕೆ ಮರಳುವ ದಾರಿ ಪೂರ್ತಿಯಾದರಷ್ಟೇ ಹರಿಯುತ್ತದೆ. ತಂತಿಯ ಮೇಲೆ ಗುಬ್ಬಿ ಕೂತರೆ ಅದಕ್ಕೇನೂ ಆಗದು, ನೆಲ ಮುಟ್ಟಿಲ್ಲವಲ್ಲ. ರಕೂನ್ ಬಂದು ನೆಲದ ಮೇಲೆ ನಿಂತು ತಂತಿಯನ್ನು ಮುಟ್ಟಿದರೆ ಕೈ, ಮೈ, ಕಾಲು, ಮಣ್ಣು, ಸರಳು ಎಂದು ದಾರಿ ಕೂಡಿಬಿಡುತ್ತದೆ. ದಟ್ಟ ತುಪ್ಪಳ ವಿದ್ಯುತ್ತನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆದರೆ ರಕೂನ್ ಹೊಸ ವಸ್ತುವನ್ನು ಬೆನ್ನಿನಿಂದ ಮುಟ್ಟಿ ನೋಡುವುದಿಲ್ಲವಲ್ಲ! ಕೂದಲಿಲ್ಲದ ಒದ್ದೆ ಅಂಗೈ, ಇಲ್ಲವೇ ಒದ್ದೆ ಮೂಗಿನ ತುದಿ. ಅದರ ಮೈಯಲ್ಲಿ ಅತಿ ಚುರುಕಾದ ಎರಡು ಜಾಗಗಳೇ ತಂತಿಯ ಎತ್ತರಕ್ಕೆ ಸರಿಯಾಗಿ ಬರುತ್ತವೆ. 15 ಮತ್ತು 30 ಸೆಂಟಿಮೀಟರ್ ಎಂಬ ಲೆಕ್ಕ ಹುಟ್ಟಿದ್ದು ಅಲ್ಲಿ.

ತಂತಿಗೆ ಹುಲ್ಲು ತಾಗಿಕೊಂಡಿದ್ದರೆ ವಿದ್ಯುತ್ತು ಹುಲ್ಲಿನ ಮೂಲಕ ನೆಲಕ್ಕಿಳಿದು ಸೋರಿಹೋಗುತ್ತದೆ, ಆಗಾಗ ಕತ್ತರಿಸಬೇಕು. ಮಣ್ಣು ತೀರ ಒಣಗಿದ್ದರೂ ದಾರಿ ಕೂಡದು. ಸರಳಿನ ಬುಡಕ್ಕೆ ನೀರು ಹಾಕಬೇಕು. ಮುಖ್ಯವಾಗಿ, ಜೋಳ ಹದಕ್ಕೆ ಬರುವ ಎರಡು ವಾರ ಮೊದಲೇ ತಂತಿ ಎಳೆದಿರಬೇಕು. ಒಮ್ಮೆ ರುಚಿ ಕಂಡ ಮೇಲೆ ಒಂದೆರಡು ಏಟಿಗೆ ಅದು ಹಿಂದೆ ಸರಿಯುವುದಿಲ್ಲ.

ನಮ್ಮ ಬಂಡೀಪುರ, ನಾಗರಹೊಳೆ, ಕೊಡಗುಗಳ ಅಂಚಿನಲ್ಲಿ ಆನೆ ಬಾರದಂತೆ ಹಾಕುವ ಸೋಲಾರ್ ಬೇಲಿಯೂ ಇದೇ ತತ್ತ್ವದ್ದು. ಅಲ್ಲಿಯ ಆನೆಗಳು ಅದಕ್ಕೂ ಉತ್ತರ ಕಂಡುಕೊಂಡಿವೆ. ದಂತದಲ್ಲಿ ವಿದ್ಯುತ್ತು ಹರಿಯದು, ಹಾಗಾಗಿ ದಂತದಿಂದ ತಂತಿ ಎತ್ತಿ ಕಿತ್ತು ಹಾಕುತ್ತವೆ; ಇಲ್ಲವೇ ಮರವನ್ನು ಬೇಲಿಯ ಮೇಲೆ ಕೆಡವಿ ದಾಟುತ್ತವೆ. ರಕೂನ್‌ಗೆ ದಂತವಿಲ್ಲ, ಇರುವುದು ಆ ಸೂಕ್ಷ್ಮ ಕೈಯೊಂದೇ. ಒಂದು ಮಾತು ಗಟ್ಟಿಯಾಗಿ ನೆನಪಿಡಿ ಮಕ್ಕಳೇ: ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಅಪರಾಧ. ಅದು ಮಿಡಿತವಲ್ಲ, ಎಡೆಬಿಡದ ಹರಿವು, ಮುಟ್ಟಿದವರನ್ನು ಬಿಡುವುದಿಲ್ಲ. ಅಂಥ ಬೇಲಿಗಳಿಂದ ನಮ್ಮಲ್ಲಿ ಆನೆಗಳೂ ಸತ್ತಿವೆ, ಮನುಷ್ಯರೂ ಸತ್ತಿದ್ದಾರೆ.

ವಿದ್ಯುತ್ತು ಬರುವುದಕ್ಕೆ ಮುಂಚೆ ಅಲ್ಲಿಯವರು ಏನು ಮಾಡುತ್ತಿದ್ದರು? ಉತ್ತರ ಅಮೆರಿಕದ ಹೊಡೆನೊಶೋನಿ ಮೂಲನಿವಾಸಿಗಳು ಜೋಳ, ಹುರುಳಿಕಾಯಿ, ಕುಂಬಳ ಮೂರನ್ನೂ ಒಂದೇ ಗುಡ್ಡೆಯಲ್ಲಿ ಬೆಳೆಯುತ್ತಿದ್ದರು. ನಮ್ಮ ಅಕ್ಕಡಿ ಸಾಲಿನ ಜಾಣತನ ಅಲ್ಲೂ ಇತ್ತು. ಜೋಳದ ದಂಟಿಗೆ ಹುರುಳಿಕಾಯಿಯ ಬಳ್ಳಿ ಹಬ್ಬುತ್ತದೆ, ಆ ಬಳ್ಳಿಯ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುತ್ತವೆ, ಕುಂಬಳದ ಅಗಲ ಎಲೆಗಳು ನೆಲ ಮುಚ್ಚಿ ತೇವ ಕಾಯುತ್ತವೆ. ಕುಂಬಳದ ಎಲೆ, ಬಳ್ಳಿಗಳ ಮೇಲಿರುವ ಸುಂಕು ರಕೂನ್‌ನ ಅಂಗೈಗೆ ಚುಚ್ಚುವುದರಿಂದ ಅದು ಒಳಗೆ ಬರಲು ಹಿಂಜರಿಯುತ್ತದೆ ಎಂದು ಅಲ್ಲಿಯ ತೋಟಗಾರರು ಹೇಳುವುದುಂಟು. ಹಸಿದ ರಕೂನ್ ಇದಕ್ಕೆಲ್ಲ ನಿಲ್ಲುತ್ತದೆಯೇ ಎಂದು ನನಗೆ ಅನುಮಾನವೇ. ಆದರೆ ಗುರಿ ಇಟ್ಟಿರುವ ಜಾಗ ಸರಿಯಾಗಿದೆ.

ಇಷ್ಟು ತಾಪತ್ರಯವೇಕೆ, ಬೋನಿನಲ್ಲಿ ಹಿಡಿದು ದೂರದ ಕಾಡಿಗೆ ಬಿಟ್ಟು ಬರಬಹುದಲ್ಲ ಎಂದು ನೀವು ಕೇಳುತ್ತೀರಿ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಹಿಡಿದ ಜಾಗದಿಂದ 1 ಕಿಲೊಮೀಟರ್ ಆಚೆ ಬಿಡುವಂತಿಲ್ಲ, ಕಾನೂನಿದೆ. ಅಮೆರಿಕದ ಅನೇಕ ರಾಜ್ಯಗಳಲ್ಲೂ ಇಂಥ ನಿಷೇಧಗಳಿವೆ. ಕಾರಣ ರೇಬೀಸ್. 1970ರ ದಶಕದ ಕೊನೆಯಲ್ಲಿ ಬೇಟೆಯ ಮೋಜಿಗಾಗಿ ಯಾರೋ ಆಗ್ನೇಯ ಅಮೆರಿಕದಿಂದ ರಕೂನ್‌ಗಳನ್ನು ಹಿಡಿದು ವರ್ಜೀನಿಯಾದ ಕಡೆ ತಂದು ಬಿಟ್ಟರು. ಅವುಗಳಲ್ಲಿ ಕೆಲವಕ್ಕೆ ರೇಬೀಸ್ ಇತ್ತು. ಅಲ್ಲಿಂದ ಆ ರೋಗ ಪೂರ್ವ ಕರಾವಳಿಯುದ್ದಕ್ಕೂ ರಕೂನ್‌ನಿಂದ ರಕೂನ್‌ಗೆ ಹಬ್ಬಿತು. ಈಗ ಅಲ್ಲಿಯ ಸರ್ಕಾರ ಮೀನಿನ ವಾಸನೆಯ ತುತ್ತಿನೊಳಗೆ ಲಸಿಕೆ ಅಡಗಿಸಿ, ವಿಮಾನ, ಹೆಲಿಕಾಪ್ಟರ್‌ಗಳಿಂದ ವರ್ಷವರ್ಷವೂ ಲಕ್ಷಗಟ್ಟಲೆ ಉದುರಿಸುತ್ತದೆ. ರಕೂನ್‌ಗಳು ತುತ್ತು ಕಚ್ಚಿ, ತಮಗೇ ಗೊತ್ತಿಲ್ಲದೆ ಲಸಿಕೆ ಹಾಕಿಸಿಕೊಳ್ಳುತ್ತವೆ.

ಜೊತೆಗೆ, ಜೋಳ ಹಾಲುಗಟ್ಟುವ ಹೊತ್ತಿಗೆ ತೋಟಕ್ಕೆ ಬರುವುದು ಒಬ್ಬಂಟಿ ರಕೂನ್ ಆಗಿರಲಿಕ್ಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹುಟ್ಟಿದ ಮರಿಗಳು ಆಗ ತಾಯಿಯ ಹಿಂದೆ ಊಟ ಹುಡುಕುವ ಪಾಠಕ್ಕೆ ಹೊರಟಿರುತ್ತವೆ. ತಾಯಿಯನ್ನು ಹಿಡಿದು ಒಯ್ದರೆ ಮರಿಗಳು ಉಪವಾಸ ಬೀಳುತ್ತವೆ. ತೆರವಾದ ಜಾಗಕ್ಕೆ ಇನ್ನೊಂದು ರಕೂನ್ ಬಂದೇ ಬರುತ್ತದೆ. ಅದಕ್ಕಿಂತ ರಾತ್ರಿ ನಾಯಿಯ ತಟ್ಟೆ ಒಳಗಿಡುವುದು, ಉದುರಿದ ಹಣ್ಣು ಆರಿಸುವುದು, ಹಕ್ಕಿಗಿಟ್ಟ ಕಾಳು ಎತ್ತಿಡುವುದು ವಾಸಿ.

ಮರಿ ಎಷ್ಟೇ ಮುದ್ದಾಗಿ ಕಂಡರೂ ಮುಟ್ಟುವಂತಿಲ್ಲ, ತಿಂಡಿ ಹಾಕುವಂತಿಲ್ಲ. ರೇಬೀಸ್ ಒಂದೇ ಅಲ್ಲ. ರಕೂನ್‌ನ ಹೊಟ್ಟೆಯಲ್ಲಿ ಒಂದು ಜಾತಿಯ ದುಂಡುಹುಳು ಇರುತ್ತದೆ. ಅದರ ಮೊಟ್ಟೆ ಹಿಕ್ಕೆಯಿಂದ ಮಣ್ಣಿಗೆ, ಮಣ್ಣಿನಿಂದ ಮಕ್ಕಳ ಬಾಯಿಗೆ ಹೋದರೆ, ಅಪರೂಪಕ್ಕೆ ಮಿದುಳಿಗೇ ಅಪಾಯ. ತೋಟದಲ್ಲಿ ಕೆಲಸ ಮಾಡಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದು ಇದಕ್ಕೇ.

ಮುದ್ದು ಮಾಡಿದವರ ಕತೆಯೂ ಇದೆ. ಅಮೆರಿಕದ ಸ್ಟರ್ಲಿಂಗ್ ನಾರ್ತ್ ಎಂಬ ಲೇಖಕರು 1963ರಲ್ಲಿ ‘ರಾಸ್ಕಲ್’ ಎಂಬ ಪುಸ್ತಕ ಬರೆದರು. ಬಾಲ್ಯದಲ್ಲಿ ತಾವು ಸಾಕಿದ ರಕೂನ್ ಮರಿಯ ನೆನಪು ಅದು. ಪುಸ್ತಕದಲ್ಲಿ ಮರಿಗೆ ಸಿಹಿ ಜೋಳದ ರುಚಿ ಹತ್ತುತ್ತದೆ, ನೆರೆಯವರ ತೋಟಗಳಿಗೆ ನುಗ್ಗುತ್ತದೆ, ಊರವರು ಸಿಟ್ಟಾಗುತ್ತಾರೆ. ಕೊನೆಗೆ ಹುಡುಗ ಅದನ್ನು ದೋಣಿಯಲ್ಲಿ ಕರೆದೊಯ್ದು ಕಾಡಿನಂಚಿನಲ್ಲಿ ಬಿಟ್ಟುಬಿಡುತ್ತಾನೆ. 1977ರಲ್ಲಿ ಜಪಾನಿನ ದೂರದರ್ಶನದಲ್ಲಿ ಇದು ಕಾರ್ಟೂನ್ ಧಾರಾವಾಹಿಯಾಗಿ ಬಂದಾಗ ಅಲ್ಲಿಯ ಮಕ್ಕಳೆಲ್ಲ ತಮಗೂ ಒಂದು ರಕೂನ್ ಬೇಕೆಂದು ಹಟ ಹಿಡಿದರು. ಅಪ್ಪ ಅಮ್ಮಂದಿರು ತರಿಸಿಕೊಟ್ಟರು. ಮರಿಗಳು ದೊಡ್ಡವಾದವು, ಕಚ್ಚಿದವು, ಪರಚಿದವು, ಗೂಡಿನ ಚಿಲಕ ತೆಗೆಯುವುದನ್ನು ಕಲಿತವು. ಕೆಲವು ತಾವೇ ಓಡಿಹೋದವು. ಇನ್ನು ಕೆಲವನ್ನು ಮನೆಯವರೇ, ಕತೆಯಲ್ಲಿ ನೋಡಿದ ಹಾಗೆ, ಕಾಡಿಗೆ ಬಿಟ್ಟು ಬಂದರು. ಕತೆಯ ಹುಡುಗ ಬಿಟ್ಟದ್ದು ರಕೂನ್‌ನ ತವರಿನಲ್ಲಿ. ಇವರು ಬಿಟ್ಟದ್ದು ಅದರ ಪರಿಚಯವೇ ಇಲ್ಲದ ಕಾಡಿನಲ್ಲಿ. ಅವು ಬೆಳೆದು ದೇಶವೆಲ್ಲ ಹರಡಿ, ಹಳೆಯ ಮರದ ದೇವಾಲಯಗಳ ಕಂಬಗಳನ್ನೂ ಉಗುರಿನಿಂದ ಗೀರಿದವು. ಜಪಾನ್ 2005ರಲ್ಲಿ ಜಾರಿಗೆ ತಂದ ಕಾನೂನಿನ ಪ್ರಕಾರ ಈಗ ರಕೂನ್‌ಗಳನ್ನು ತರಿಸುವುದೂ ಸಾಕುವುದೂ ನಿಷಿದ್ಧ. ಅಲ್ಲಿಯ ರೈತರೂ ಈಗ ಜೋಳ, ಕರಬೂಜ, ಕಲ್ಲಂಗಡಿ ಪಾತಿಗಳ ಸುತ್ತ ನೆಲಕ್ಕೆ ಹತ್ತಿರವಾಗಿ ವಿದ್ಯುತ್ ತಂತಿ ಎಳೆಯುತ್ತಿದ್ದಾರೆ.